ಗಡಿನಾಡಿನ ಕಾಲೇಜಿನಲ್ಲಿ ಸಮತೆಯ ಪಠ್ಯ: ಸೊಲ್ಲಾಪುರ, ಅಕ್ಕಲಕೋಟೆ ಕಲಿಸುವ ಪಾಠ

ಭೀಮಾ ಮತ್ತು ಸೀನಾ ನದಿಗಳ ಬಯಲಿನಲ್ಲಿ, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡು ಹಬ್ಬಿರುವ ಸೊಲ್ಲಾಪುರವು 11 ತಾಲ್ಲೂಕುಗಳ, 2011ರ ಜನಗಣತಿಯಂತೆ 43 ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆಯ ಜಿಲ್ಲೆ. ಮಹಾರಾಷ್ಟ್ರಕ್ಕೆ ಸೇರಿದ ಈ ಜಿಲ್ಲೆಯಲ್ಲಿ ಬಹುಸಂಖ್ಯಾತರ ನುಡಿ ಮರಾಠಿಯಾದರೂ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮತ್ತು ಮಂಗಳವೇಢೆ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ನಗರದ ನೇಕಾರರ ಪೇಟೆಗಳಲ್ಲಿ ತೆಲುಗು. ಮುಸ್ಲಿಂ ಮೊಹಲ್ಲಾಗಳಲ್ಲಿ ದಖನಿ ಉರ್ದು. ಈ ನಾಲ್ಕು ನುಡಿಗಳ ಮಕ್ಕಳು ಬಹುಮಟ್ಟಿಗೆ ಬೇರೆ ಬೇರೆ ಶಾಲೆಗಳಲ್ಲಿ ಓದಿ ಬೆಳೆದು, ಹದಿನಾರು ಹದಿನೇಳರ ವಯಸ್ಸಿನಲ್ಲಿ ಒಂದೇ ಬೆಂಚಿನ ಮೇಲೆ ಕೂಡುವುದು ಕಾಲೇಜಿನಲ್ಲಿ. ಹೀಗೆ ಕೂಡಿಬಂದವರಿಗೆ ಕಾಲೇಜು ಹೇಗೆ ಕಲಿಸುತ್ತದೆ, ಅವರಲ್ಲಿ ಯಾರ ಬದುಕನ್ನು ಪಠ್ಯವಾಗಿಸುತ್ತದೆ, ಯಾರ ಉತ್ತರವನ್ನು ಉತ್ತರವೆಂದು ಒಪ್ಪುತ್ತದೆ ಎಂಬ ಪ್ರಶ್ನೆಗಳು ಗಡಿನಾಡಿನ ಉನ್ನತ ಶಿಕ್ಷಣದ ಮೂಲ ಪ್ರಶ್ನೆಗಳಾಗಿವೆ.

ಮೂರು ಪರಿಕಲ್ಪನೆಗಳು

ಉನ್ನತ ಶಿಕ್ಷಣದ ಚರ್ಚೆಯಲ್ಲಿ ಈಚಿನ ದಶಕಗಳಲ್ಲಿ ವೈವಿಧ್ಯ, ಸಮತೆ, ಒಳಗೊಳ್ಳುವಿಕೆ ಎಂಬ ಮೂರು ಪರಿಕಲ್ಪನೆಗಳು ಜೊತೆಜೊತೆಯಾಗಿ ಬರುತ್ತಿವೆ. ತರಗತಿಯಲ್ಲಿ ಬೇರೆ ಬೇರೆ ಜಾತಿ, ಧರ್ಮ, ಭಾಷೆ, ಲಿಂಗ, ಆರ್ಥಿಕ ಸ್ಥಿತಿ ಮತ್ತು ದೈಹಿಕ ಸಾಮರ್ಥ್ಯದ ವಿದ್ಯಾರ್ಥಿಗಳು ಇರುವುದು ವೈವಿಧ್ಯ. ಅವರವರ ಅಗತ್ಯವನ್ನು ಅರಿತು, ಕೊನೆಯಲ್ಲಿ ಎಲ್ಲರೂ ಒಂದೇ ಗುರಿಯನ್ನು ಮುಟ್ಟುವಂತೆ ನೆರವನ್ನು ಹಂಚುವುದು ಸಮತೆ. ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವ ಸಮಾನತೆಗಿಂತ ಇದು ಭಿನ್ನವಾದುದು. ದಿಬ್ಬದ ಹೊಲಕ್ಕೂ ತಗ್ಗಿನ ಹೊಲಕ್ಕೂ ಒಂದೇ ಗಾತ್ರದ ಕಾಲುವೆ ತೋಡಿದರೆ ತಗ್ಗಿನ ಹೊಲ ಮಾತ್ರ ತೊಯ್ಯುತ್ತದೆ ಎಂಬುದು ಬರದ ಸೀಮೆಯ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಇನ್ನು ಒಳಗೊಳ್ಳುವಿಕೆ ಎಂದರೆ ಪ್ರವೇಶ ಪಡೆದ ವಿದ್ಯಾರ್ಥಿಯು ತರಗತಿಯ ಚರ್ಚೆ, ಪಠ್ಯ, ಪ್ರಯೋಗಾಲಯ ಮತ್ತು ಪರೀಕ್ಷೆಗಳಲ್ಲಿ ಹಕ್ಕಿನಿಂದ ಪಾಲುಗೊಳ್ಳುವ ಸ್ಥಿತಿ.

ಸೊಲ್ಲಾಪುರದಲ್ಲಿ ಮೊದಲನೆಯದಕ್ಕೆ ಕೊರತೆಯಿಲ್ಲ. ಬೀಡಿ ಕಟ್ಟುವ ತಾಯಂದಿರ ಹೆಣ್ಣುಮಕ್ಕಳು, ಮಗ್ಗದ ಕೆಲಸಗಾರರ ಮಕ್ಕಳು, ಒಣಬೇಸಾಯದ ರೈತರ ಮಕ್ಕಳು, ಬ್ರಿಟಿಷರ ಕಾಯ್ದೆಯು ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿ ಸೊಲ್ಲಾಪುರದ ವಸಾಹತಿನಲ್ಲಿ ಕೂಡಿಹಾಕಿದ್ದ, 1952ರಲ್ಲಿ ಆ ಕಾಯ್ದೆಯ ರದ್ದತಿಯಿಂದ ಬಿಡುಗಡೆ ಹೊಂದಿದ ವಿಮುಕ್ತ ಬುಡಕಟ್ಟುಗಳ ಮಕ್ಕಳು ಎಲ್ಲರೂ ಇಂದು ಕಾಲೇಜಿನ ಹಾಜರಿ ಪುಸ್ತಕದಲ್ಲಿದ್ದಾರೆ, ಮತ್ತು ಇವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಉಳಿದೆರಡೂ ತಾವಾಗಿ ಬರುವುದಿಲ್ಲ.

ಶಾಲೆಯವರೆಗೆ ಬಂದ ಕನ್ನಡ

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ, ಏಳನೆಯ ತಿದ್ದುಪಡಿಯ ಮೂಲಕ ಈ ವಿಧಿ ಸೇರಿಕೊಂಡಿತು. ಅದರ ನೆರಳಿನಲ್ಲಿ ಅಕ್ಕಲಕೋಟೆ ಸೀಮೆಯ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು, ಅಂದರೆ ಜನರ ಬಾಯಲ್ಲಿ ಝಡ್‌ಪಿ ಶಾಲೆಗಳು, ನಡೆದುಬಂದಿವೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯು ಎಂಟು ಭಾಷೆಗಳಲ್ಲಿ ಪುಸ್ತಕಗಳನ್ನು ಹೊರತರುತ್ತಿದ್ದು, ಕನ್ನಡ ಅವುಗಳಲ್ಲಿ ಒಂದು. ಗಣಿತ, ವಿಜ್ಞಾನ, ಇತಿಹಾಸಗಳನ್ನು ಕನ್ನಡದಲ್ಲೇ ಓದಿ ಹತ್ತನೆಯ ತರಗತಿ ಮುಗಿಸುವ ಅವಕಾಶವನ್ನು ಬೇರೊಂದು ಭಾಷೆಯ ರಾಜ್ಯ ಉಳಿಸಿಕೊಂಡು ಬಂದಿರುವುದು ಮೆಚ್ಚತಕ್ಕ ಸಂಗತಿ. 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಗಿರುವುದರಿಂದ, ಕನ್ನಡ ಮಾಧ್ಯಮದ ವಿದ್ಯಾರ್ಥಿ ಮರಾಠಿಯನ್ನೂ ಇಂಗ್ಲಿಷನ್ನೂ ಕಲಿತೇ ಹೊರಬರುತ್ತಾನೆ.

ತೊಡಕು ಆರಂಭವಾಗುವುದು ಇದರ ಮುಂದಿನ ಮೆಟ್ಟಿಲಲ್ಲಿ. ಕಾಲೇಜಿನಲ್ಲಿ ವಿಜ್ಞಾನ ಇಂಗ್ಲಿಷಿಗೆ ಹೊರಳುತ್ತದೆ, ಕಲಾ ವಿಭಾಗದ ಬಹುಪಾಲು ಮರಾಠಿಯಲ್ಲಿ ಸಾಗುತ್ತದೆ; ಕನ್ನಡ ಉಳಿದರೆ ಸಾಹಿತ್ಯದ ಒಂದು ವಿಷಯವಾಗಿ ಉಳಿಯುತ್ತದೆ. ಸೊಲ್ಲಾಪುರದ ಸಂಗಮೇಶ್ವರ ಕಾಲೇಜು, ಅಕ್ಕಲಕೋಟೆಯ ಖೇಡಗಿ ಕಾಲೇಜುಗಳ ಕನ್ನಡ ವಿಭಾಗಗಳು ಈ ಎಳೆಯನ್ನು ಕಡಿಯದಂತೆ ಕಾಪಾಡಿಕೊಂಡು ಬಂದಿವೆ. ಆದರೆ ಕಾಲೇಜುಗಳಲ್ಲಿ ಅಧ್ಯಾಪಕರ ಹುದ್ದೆ ನಿರ್ಧಾರವಾಗುವುದು ವಾರಕ್ಕೆ ಎಷ್ಟು ಗಂಟೆಗಳ ಪಾಠವಿದೆ ಎಂಬ ಕಾರ್ಯಭಾರದ ಲೆಕ್ಕದ ಮೇಲೆ. ಕನ್ನಡ ಶಾಲೆಯ ದಾಖಲಾತಿ ಕುಗ್ಗಿದರೆ ಕಾಲೇಜಿನ ಕನ್ನಡ ತರಗತಿ ಕುಗ್ಗುತ್ತದೆ, ತರಗತಿ ಕುಗ್ಗಿದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದ ಕಾಲೇಜನ್ನು ಕಂಡ ಪಾಲಕರು ಕನ್ನಡ ಶಾಲೆಗೆ ಮಕ್ಕಳನ್ನು ಸೇರಿಸಲು ಹಿಂಜರಿಯುತ್ತಾರೆ. ಈ ಸುತ್ತನ್ನು ಸಾಹಿತ್ಯ ವಿಭಾಗವೊಂದೇ ಮುರಿಯಲಾರದು. ವಿಜ್ಞಾನ, ವಾಣಿಜ್ಯ, ಸಮಾಜವಿಜ್ಞಾನ ವಿಭಾಗಗಳೂ ಕೈಜೋಡಿಸಬೇಕು.

ಕನ್ನಡ ಮಾಧ್ಯಮದಿಂದ ಬಂದು ಬಿ.ಎಸ್‌ಸಿ. ಸೇರಿದ ವಿದ್ಯಾರ್ಥಿನಿಯೊಬ್ಬಳ ಸ್ಥಿತಿಯನ್ನು ಹತ್ತಿರದಿಂದ ನೋಡಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ಎಲೆಯು ಬೆಳಕನ್ನು ಹೀರಿ, ನೀರು ಮತ್ತು ಇಂಗಾಲದ ಡೈಆಕ್ಸೈಡಿನಿಂದ ಆಹಾರ ತಯಾರಿಸುವ ಕ್ರಮ ಅವಳಿಗೆ ಚೆನ್ನಾಗಿ ಗೊತ್ತು. ಹಲಗೆಯ ಮೇಲೆ ಅದರ ಚಿತ್ರ ಬಿಡಿಸಿ ಭಾಗಗಳನ್ನು ಕನ್ನಡದಲ್ಲಿ ಗುರುತಿಸಬಲ್ಲಳು. ಕಾಲೇಜಿನಲ್ಲಿ ಅದೇ ಕ್ರಿಯೆ ಇಂಗ್ಲಿಷ್ ಪಾರಿಭಾಷಿಕಗಳ ದಟ್ಟಣೆಯಲ್ಲಿ, ಮರಾಠಿಯ ಮೌಖಿಕ ವಿವರಣೆಯೊಂದಿಗೆ ಎದುರಾದಾಗ, ತಿಳಿದದ್ದನ್ನೇ ತಿಳಿಯದವಳಂತೆ ಕೂಡುತ್ತಾಳೆ, ಪರೀಕ್ಷೆಗಾಗಿ ಉತ್ತರಗಳನ್ನು ಬಾಯಿಪಾಠ ಮಾಡುತ್ತಾಳೆ, ಪ್ರಶ್ನೆ ಸ್ವಲ್ಪ ತಿರುಗಿಬಂದರೆ ತಬ್ಬಿಬ್ಬಾಗುತ್ತಾಳೆ. ಅಂಕಪಟ್ಟಿ ಇದನ್ನು ಜೀವವಿಜ್ಞಾನದ ಅಜ್ಞಾನವೆಂದು ದಾಖಲಿಸುತ್ತದೆ.

ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ಒಂದು ವಿಂಗಡಣೆ ಈ ಸ್ಥಿತಿಗೆ ಬೆಳಕು ಚೆಲ್ಲುತ್ತದೆ. ಸಂತೆ, ಆಟದ ಮೈದಾನ, ಬಸ್ ನಿಲ್ದಾಣಗಳಲ್ಲಿ ಬಳಸುವ ಸಂಭಾಷಣೆಯ ಭಾಷೆ ಬೇರೆ, ವಾದ ಹೂಡಲು, ವ್ಯಾಖ್ಯಾನಿಸಲು, ಹೋಲಿಸಲು ಬೇಕಾದ ಶಾಸ್ತ್ರೀಯ ಭಾಷೆ ಬೇರೆ. ಮೊದಲನೆಯದು ಒಂದೆರಡು ವರ್ಷಗಳಲ್ಲಿ ದಕ್ಕಿದರೆ, ಎರಡನೆಯದಕ್ಕೆ ಐದು ವರ್ಷಗಳೋ ಇನ್ನೂ ಹೆಚ್ಚೋ ಬೇಕಾಗುತ್ತದೆ ಎಂಬುದು ವಲಸಿಗರ ಮಕ್ಕಳ ಅಧ್ಯಯನದಿಂದ ಅವರು ಕಂಡುಕೊಂಡ ಸಂಗತಿ. ಅಕ್ಕಲಕೋಟೆಯ ಪೇಟೆಯಲ್ಲಿ ನಿರರ್ಗಳವಾಗಿ ಮರಾಠಿ ಮಾತಾಡುವ ಕನ್ನಡದ ಹುಡುಗನಿಗೆ ಮರಾಠಿಯ ಅರ್ಥಶಾಸ್ತ್ರ ಗ್ರಂಥ ಸುಲಭವೆಂದು ಭಾವಿಸುವ ಅಧ್ಯಾಪಕರು ಈ ಎರಡನ್ನೂ ಒಂದೆಂದು ಎಣಿಸುತ್ತಾರೆ. ಅವನು ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. ಪಾಠದ ಜೊತೆಗೆ ಪಾಠದ ಭಾಷೆಯನ್ನೂ ಏಕಕಾಲಕ್ಕೆ ಕಲಿಯುವ ಇಮ್ಮಡಿ ದುಡಿಮೆ ಅವನ ಪಾಲಿಗೆ ಬಂದಿದೆ.

ಪಠ್ಯದಲ್ಲಿ ಯಾರಿದ್ದಾರೆ?

ಸಮತೆಯ ಇನ್ನೊಂದು ಮುಖ ಪಠ್ಯದ ಒಳಗಿದೆ. ಅಮೆರಿಕದ ಶಿಕ್ಷಣತಜ್ಞ ಜೇಮ್ಸ್ ಬ್ಯಾಂಕ್ಸ್ ಬಹುಸಂಸ್ಕೃತಿಯ ಪಠ್ಯಕ್ರಮವನ್ನು ನಾಲ್ಕು ಹಂತಗಳಲ್ಲಿ ಗುರುತಿಸಿದ್ದಾರೆ. ಮಹಾಪುರುಷರ ಜಯಂತಿ, ಹಬ್ಬ, ವೇಷಭೂಷಣಗಳಷ್ಟನ್ನು ಸೇರಿಸಿಕೊಳ್ಳುವುದು ಮೊದಲನೆಯದು. ಇದ್ದ ಪಠ್ಯವನ್ನು ಹಾಗೆಯೇ ಇಟ್ಟು ಒಂದು ಅಧ್ಯಾಯವನ್ನು ಜೋಡಿಸುವುದು ಎರಡನೆಯದು. ಒಂದೇ ಘಟನೆಯನ್ನು ಹಲವು ಸಮುದಾಯಗಳ ಕಣ್ಣಿನಿಂದ ನೋಡುವಂತೆ ಪಠ್ಯದ ರಚನೆಯನ್ನೇ ಬದಲಿಸುವುದು ಮೂರನೆಯದು. ಹಾಗೆ ಕಲಿತದ್ದನ್ನು ವಿದ್ಯಾರ್ಥಿಗಳು ಸಮಾಜದ ಒಂದು ಸಮಸ್ಯೆಯ ಮೇಲೆ ಪ್ರಯೋಗಿಸುವುದು ನಾಲ್ಕನೆಯದು. ನಮ್ಮ ಬಹುತೇಕ ಕಾಲೇಜುಗಳು ಮೊದಲ ಹಂತದಲ್ಲೇ ತೃಪ್ತಿಪಟ್ಟುಕೊಂಡಿವೆ. ಮೂರನೆಯ ಹಂತಕ್ಕೆ ಏರಲು ಬೇಕಾದ ಸಾಮಗ್ರಿಯಂತೂ ಸೊಲ್ಲಾಪುರ ಜಿಲ್ಲೆಯಲ್ಲಿ ಹೇರಳವಾಗಿದೆ.

ಮಂಗಳವೇಢೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕಲಚುರಿ ಬಿಜ್ಜಳನ ಆಳ್ವಿಕೆಯೊಂದಿಗೆ ಹೆಸರು ಬೆರೆತ ಈ ಊರಿನಲ್ಲಿ ಬಸವಣ್ಣನವರು ಕರಣಿಕರಾಗಿದ್ದರೆಂದು ಪರಂಪರೆ ಹೇಳುತ್ತದೆ. ಅದೇ ಊರಿನ ಮಹಾರ ಸಮುದಾಯದ ಸಂತ ಚೋಖಾಮೇಳ, ಕೋಟೆಗೋಡೆ ಕಟ್ಟುವ ಬಿಟ್ಟಿ ದುಡಿಮೆಯಲ್ಲಿ ಗೋಡೆ ಕುಸಿದು ಮಡಿದನೆಂದೂ, ಪಂಢರಪುರದ ದೇವಾಲಯದ ಒಳಗೆ ಕಾಲಿಡಗೊಡದ ಆತನ ಸಮಾಧಿ ಮಹಾದ್ವಾರದ ಬಳಿ ನಿರ್ಮಾಣವಾಯಿತೆಂದೂ ವಾರಕರಿ ಪರಂಪರೆ ನೆನೆಯುತ್ತದೆ. ಗಣಿಕೆಯ ಮಗಳಾಗಿ ಹುಟ್ಟಿ ಸಂತಳಾದ ಕಾನ್ಹೋಪಾತ್ರೆಯೂ ಮಂಗಳವೇಢೆಯವಳೇ. ಪಂಢರಪುರದ ಅದೇ ಬಾಗಿಲು ದಲಿತರಿಗೆ ತೆರೆಯಲೆಂದು ಸಾನೆ ಗುರೂಜಿಯವರು 1947ರಲ್ಲಿ ಉಪವಾಸ ಕುಳಿತರು. ಕನ್ನಡದ ಶರಣ ಚಳವಳಿ, ಮರಾಠಿಯ ವಾರಕರಿ ಚಳವಳಿ, ಜಾತಿಯ ಕ್ರೌರ್ಯ, ಹೆಣ್ಣಿನ ಸ್ಥಿತಿ, ಆಧುನಿಕ ಭಾರತದ ದೇವಾಲಯ ಪ್ರವೇಶದ ಹೋರಾಟ ಇವೆಲ್ಲವೂ ಒಂದೇ ಜಿಲ್ಲೆಯ ಎರಡು ಊರುಗಳ ನಡುವೆ ಹೆಣೆದುಕೊಂಡಿರುವಾಗ, ಇತಿಹಾಸದ ಒಂದು ಘಟಕವನ್ನು ಈ ಹೆಣಿಗೆಯ ಸುತ್ತ ಕಟ್ಟಿದರೆ ಕನ್ನಡದವನೂ ಮರಾಠಿಯವನೂ ದಲಿತ ವಿದ್ಯಾರ್ಥಿಯೂ ಹೆಣ್ಣುಮಗಳೂ ತಮ್ಮ ನೆಲದ ಕಥೆಯನ್ನು ಒಟ್ಟಿಗೆ ಓದಿದಂತಾಗುತ್ತದೆ.

ಶಾಸನಗಳ ವಿಷಯವೂ ಹೀಗೆಯೇ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲಿ ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ ದೊರೆತ, ಶಕ 940ರ ಅಂದರೆ ಕ್ರಿ.ಶ. 1018ರ ಶಾಸನವು ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದು. ಇದೇ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಕನ್ನಡ ಶಾಸನಗಳಿವೆ. ಧಾರವಾಡದ ಶಾಸನತಜ್ಞ ಶ್ರೀನಿವಾಸ ರಿತ್ತಿ ಮತ್ತು ಸೊಲ್ಲಾಪುರದ ಸಂಶೋಧಕ ಆನಂದ ಕುಂಭಾರ ಜೊತೆಗೂಡಿ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟವನ್ನು 1988ರಲ್ಲಿ ಪ್ರಕಟಿಸಿದರು. ಇತ್ತ ಕರ್ನಾಟಕದ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಮರಾಠಿಯ ಪ್ರಾಚೀನ ಬರಹವಿದೆ. ಭಾಷೆಗಳ ನಡುವಿನ ಗಡಿ ಇಂದಿನ ಭೂಪಟದ ಗೆರೆಯಂತೆ ಎಂದೂ ಇರಲಿಲ್ಲವೆಂಬ ಸತ್ಯವನ್ನು ಭಾಷಣದಿಂದ ಹೇಳುವುದಕ್ಕಿಂತ ಈ ಕಲ್ಲುಗಳ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ ಓದಿಸುವುದು ಪರಿಣಾಮಕಾರಿ.

ಆಧುನಿಕ ಸಾಹಿತ್ಯಕ್ಕೆ ಬಂದರೆ, ‘ಅಕ್ಕರಮಾಶಿ’ ಆತ್ಮಕಥನದಿಂದ 1984ರಲ್ಲಿ ಮರಾಠಿ ಲೋಕವನ್ನು ಬೆಚ್ಚಿಬೀಳಿಸಿದ, ‘ಸನಾತನ’ ಕಾದಂಬರಿಗೆ 2020ರ ಸರಸ್ವತಿ ಸಮ್ಮಾನ್ ಪಡೆದ ಶರಣಕುಮಾರ ಲಿಂಬಾಳೆ ಹುಟ್ಟಿದ್ದು ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ. ದಲಿತ ಸಾಹಿತ್ಯವನ್ನು ಸತ್ಯ, ಶಿವ, ಸುಂದರಗಳ ಹಳೆಯ ಅಳತೆಗೋಲಿನಿಂದ ಅಳೆಯಲಾಗದು, ಸ್ವಾತಂತ್ರ್ಯ, ಸಮಾನತೆ, ನ್ಯಾಯಗಳ ಪ್ರಜ್ಞೆಯೇ ಅದರ ಸೌಂದರ್ಯಶಾಸ್ತ್ರವೆಂದು ವಾದಿಸಿದವರೂ ಅವರೇ. ಇತ್ತ 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಮರಾಠಿ ಶಾಲೆಯಲ್ಲಿ ಓದಿ, ಕನ್ನಡ ಬರವಣಿಗೆಯನ್ನು ಸ್ವಂತ ಶ್ರಮದಿಂದ ಸಾಧಿಸಿ, ಸೊನ್ನಲಿಗೆಯ ಸಿದ್ಧರಾಮನ ಕುರಿತು ತ್ರಿಪದಿಯಲ್ಲಿ ಮಹಾಕಾವ್ಯ ರಚಿಸಿದರು. 1974ರಲ್ಲಿ ಮಂಡ್ಯದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠವೇರಿದ ಮೊದಲ ಮಹಿಳೆಯಾದರು. ಲಿಂಬಾಳೆಯವರನ್ನು ಮರಾಠಿ ವಿಭಾಗಕ್ಕೂ ಜಯದೇವಿತಾಯಿಯವರನ್ನು ಕನ್ನಡ ವಿಭಾಗಕ್ಕೂ ಹಂಚಿಕೊಟ್ಟು ಸುಮ್ಮನಾಗುವುದಕ್ಕಿಂತ, ಅನುವಾದಗಳ ನೆರವಿನಿಂದ ಇಬ್ಬರನ್ನೂ ಎಲ್ಲರೂ ಓದುವ ಒಂದು ಪತ್ರಿಕೆಯನ್ನು ರೂಪಿಸುವುದು ಗಡಿನಾಡಿನ ಕಾಲೇಜಿಗಲ್ಲದೆ ಬೇರಾರಿಗೆ ಸಾಧ್ಯ? ಸ್ವಾತಂತ್ರ್ಯ ಹೋರಾಟದ ಪಾಠಕ್ಕೂ ಇದೇ ನೆಲದಲ್ಲಿ ಸಾಕ್ಷಿಯಿದೆ: 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ಸೊಲ್ಲಾಪುರದ ನಾಲ್ವರು ಹುತಾತ್ಮರಾದ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ನಾಲ್ಕು ಬೇರೆ ಸಮುದಾಯಗಳಿಂದ ಬಂದವರು.

ಕಲಿಸುವ ಬಗೆ, ಪರೀಕ್ಷಿಸುವ ಬಗೆ

ಪಠ್ಯ ಬದಲಾದರೂ ಬೋಧನೆ ಹಳೆಯದಾಗಿದ್ದರೆ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ. ಅಧ್ಯಾಪಕರು ದೊಡ್ಡ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳು ಹಲವಿವೆ. ಪ್ರತಿ ಘಟಕದ ಮುಖ್ಯ ಪಾರಿಭಾಷಿಕಗಳ ಪಟ್ಟಿಯನ್ನು ಕನ್ನಡ, ಮರಾಠಿ, ಉರ್ದು, ತೆಲುಗು, ಇಂಗ್ಲಿಷುಗಳಲ್ಲಿ ಪಾಠಕ್ಕೆ ಮೊದಲೇ ಹಂಚಬಹುದು. ಹಿಂದಿನ ವರ್ಷದ ವಿದ್ಯಾರ್ಥಿಗಳೇ ಅದನ್ನು ಸಿದ್ಧಪಡಿಸಿದರೆ ಅದೂ ಒಂದು ಕಲಿಕೆ. ಪಾಠದ ನಡುವೆ ಹತ್ತು ನಿಮಿಷ ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ತಮಗೆ ಒಗ್ಗಿದ ಭಾಷೆಯಲ್ಲಿ ಚರ್ಚಿಸಿ, ನಿರ್ಣಯವನ್ನು ಸಾಮಾನ್ಯ ಭಾಷೆಯಲ್ಲಿ ಮಂಡಿಸಬಹುದು. ಹಳ್ಳಿಯ ಉಚ್ಚಾರವನ್ನು ಕೇಳಿ ನಗುವ, ಅಡ್ಡಹೆಸರಿನಿಂದ ಜಾತಿಯನ್ನು ಅಳೆಯುವ ರೂಢಿಗಳನ್ನು ತರಗತಿಯ ಮೊದಲ ದಿನವೇ ನಿಷ್ಠುರವಾಗಿ ತಡೆಯಬೇಕು, ಏಕೆಂದರೆ ಒಮ್ಮೆ ನಗೆಪಾಟಲಾದ ವಿದ್ಯಾರ್ಥಿ ಮತ್ತೆ ಪ್ರಶ್ನೆ ಕೇಳಲು ಏಳುವುದಿಲ್ಲ.

ಅಮೆರಿಕದ ‘ಕ್ಯಾಸ್ಟ್’ ಸಂಸ್ಥೆ ಬೆಳೆಸಿದ ‘ಸಾರ್ವತ್ರಿಕ ಕಲಿಕಾ ವಿನ್ಯಾಸ’ ಎಂಬ ವಿಧಾನವು ಇದಕ್ಕೆ ಚೌಕಟ್ಟನ್ನು ಒದಗಿಸುತ್ತದೆ. ವಿಷಯವನ್ನು ಹಲವು ರೂಪಗಳಲ್ಲಿ ಮುಂದಿಡುವುದು, ಆಸಕ್ತಿಯನ್ನು ಹಲವು ದಾರಿಗಳಲ್ಲಿ ಕೆರಳಿಸುವುದು, ಕಲಿತದ್ದನ್ನು ಹಲವು ಬಗೆಗಳಲ್ಲಿ ತೋರಿಸಲು ಬಿಡುವುದು ಅದರ ಮೂರು ಸೂತ್ರಗಳು. ಕಣ್ಣು ಕಾಣದ ವಿದ್ಯಾರ್ಥಿಗೆಂದು ಸಿದ್ಧಪಡಿಸಿದ ಧ್ವನಿಪಾಠವು ದುಡಿಮೆಯ ನಡುವೆ ಓದುವ ವಿದ್ಯಾರ್ಥಿಗೂ, ಹೊಸ ಭಾಷೆಯನ್ನು ಮತ್ತೆ ಮತ್ತೆ ಕೇಳಬೇಕಾದವರಿಗೂ ನೆರವಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆ. ಸ್ಥಾನ ಪಡೆದವರಿಗೆ ಓದಲಾಗುವ ಪಠ್ಯವನ್ನು ಒದಗಿಸದಿದ್ದರೆ ಆ ಮೀಸಲಾತಿ ಕಾಗದದಲ್ಲೇ ಉಳಿಯುತ್ತದೆ.

ಪರೀಕ್ಷೆಯ ವಿಷಯದಲ್ಲಿ ದಾರಿ ಈಗಾಗಲೇ ತೆರೆದಿದೆ. ಬೋಧನೆ ಇಂಗ್ಲಿಷಿನಲ್ಲಿ ನಡೆದರೂ ವಿದ್ಯಾರ್ಥಿಗಳಿಗೆ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಅವಕಾಶ ನೀಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2023ರ ಏಪ್ರಿಲ್‌ನಲ್ಲಿ ಎಲ್ಲ ವಿಶ್ವವಿದ್ಯಾಲಯಗಳನ್ನು ಕೋರಿತು. ಸೊಲ್ಲಾಪುರದಲ್ಲಿ ಸ್ಥಳೀಯ ಭಾಷೆ ಎಂದರೆ ಮರಾಠಿಯ ಜೊತೆಗೆ ಕನ್ನಡವೂ ಹೌದೆಂದು ಒಪ್ಪಿದರೆ, ಉಳಿಯುವ ಪ್ರಶ್ನೆ ಕನ್ನಡದ ಉತ್ತರಪತ್ರಿಕೆಗಳ ಮೌಲ್ಯಮಾಪನದ್ದು. ನೆರೆಯಲ್ಲೇ ಇರುವ ಗುಲಬರ್ಗಾ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಗಳೊಂದಿಗೆ ಒಪ್ಪಂದ ಮಾಡಿಕೊಂಡರೆ ಮೌಲ್ಯಮಾಪಕರೂ ಕನ್ನಡದ ಪಠ್ಯಸಾಮಗ್ರಿಯೂ ದೊರೆಯುವುದು ಕಷ್ಟವಲ್ಲ.

ಅವಕಾಶ ಎಲ್ಲಿದೆ?

ಬದಲಾವಣೆಗೆ ಬೇಕಾದ ಸಾಂಸ್ಥಿಕ ಅನುಕೂಲಗಳು ಸೊಲ್ಲಾಪುರಕ್ಕೆ ಇತರ ಗಡಿ ಜಿಲ್ಲೆಗಳಿಗಿಂತ ಹೆಚ್ಚಾಗಿವೆ. ಮೊದಲು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಇಲ್ಲಿನ ಕಾಲೇಜುಗಳಿಗಾಗಿ 2004ರಲ್ಲಿ ಸ್ಥಾಪನೆಯಾಗಿ, 2019ರಲ್ಲಿ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಸೊಲ್ಲಾಪುರ ವಿಶ್ವವಿದ್ಯಾಲಯವೆಂದು ಹೆಸರಾದ ಸಂಸ್ಥೆಯ ವ್ಯಾಪ್ತಿ ಒಂದೇ ಜಿಲ್ಲೆ. ಒಂದು ಜಿಲ್ಲೆಯ ಅಗತ್ಯವನ್ನು ಅರಿತು ಪಠ್ಯ ರೂಪಿಸಲು ಇದಕ್ಕಿಂತ ಅನುಕೂಲದ ವ್ಯವಸ್ಥೆ ಇಲ್ಲ. 1953ರಲ್ಲಿ ಆರಂಭವಾದ ಸಂಗಮೇಶ್ವರ ಕಾಲೇಜು ಈಗ ಸ್ವಾಯತ್ತ ಕಾಲೇಜಾಗಿದ್ದು, ತನ್ನ ಪಠ್ಯವನ್ನು ತಾನೇ ನಿರ್ಧರಿಸುವ ಅಧಿಕಾರ ಹೊಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ತನ್ನ 14ನೆಯ ಅಧ್ಯಾಯವನ್ನು ಉನ್ನತ ಶಿಕ್ಷಣದ ಸಮತೆ ಮತ್ತು ಒಳಗೊಳ್ಳುವಿಕೆಗೆ ಮೀಸಲಿಟ್ಟಿದೆ. ಅದರ ಅನ್ವಯ ಬಂದಿರುವ ಹೊಸ ಪದವಿ ರಚನೆಯಲ್ಲಿ ಭಾರತೀಯ ಭಾಷೆಗಳ ಕಲಿಕೆಗೆ, ಕ್ಷೇತ್ರಕಾರ್ಯಕ್ಕೆ, ಸಮುದಾಯದೊಂದಿಗಿನ ಕೆಲಸಕ್ಕೆ ಕ್ರೆಡಿಟ್‌ಗಳಿವೆ. ಶಾಸನಗಳ ದಾಖಲಾತಿ, ನೇಕಾರರ ಮೌಖಿಕ ಇತಿಹಾಸ, ಬೀಡಿ ಕಾರ್ಮಿಕ ಮಹಿಳೆಯರ ಆರೋಗ್ಯದ ಅಧ್ಯಯನಗಳೆಲ್ಲ ಈ ಕ್ರೆಡಿಟ್‌ಗಳ ಒಳಗೇ ಸಲ್ಲುತ್ತವೆ. ಜಾತಿ, ಭಾಷೆ, ಧರ್ಮ, ಲಿಂಗ, ಅಂಗವೈಕಲ್ಯಗಳ ಆಧಾರದ ತಾರತಮ್ಯವನ್ನು ತಡೆಯಲು ಕಾಲೇಜುಗಳು ಸಮಾನ ಅವಕಾಶ ಘಟಕ ಸ್ಥಾಪಿಸಬೇಕೆಂದು ಯುಜಿಸಿ 2012ರಲ್ಲೇ ನಿಯಮ ರೂಪಿಸಿತು. ಇಂಥ ಘಟಕವು ದೂರು ಸ್ವೀಕರಿಸುವ ಪೆಟ್ಟಿಗೆಯಾಗಿ ಉಳಿಯದೆ, ಯಾವ ಮಾಧ್ಯಮದ, ಯಾವ ಸಮುದಾಯದ ವಿದ್ಯಾರ್ಥಿಗಳು ಯಾವ ವಿಷಯದಲ್ಲಿ ಹಿಂದೆ ಬೀಳುತ್ತಿದ್ದಾರೆ, ಎಲ್ಲಿ ಓದು ನಿಲ್ಲಿಸುತ್ತಿದ್ದಾರೆ ಎಂಬುದನ್ನು ವರ್ಷವರ್ಷವೂ ಲೆಕ್ಕವಿಡಬೇಕು.

ಕರ್ನಾಟಕವು ತನ್ನ ವೃತ್ತಿಶಿಕ್ಷಣ ಪ್ರವೇಶದಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಗಡಿನಾಡ ಕನ್ನಡಿಗರಿಗೆ ಅರ್ಹತೆ ನೀಡಿರುವುದು ಒಳ್ಳೆಯ ಕ್ರಮ. ಆದರೆ ಅದು ಊರು ಬಿಟ್ಟು ಹೋಗಬಲ್ಲ ಕೆಲವರ ದಾರಿ. ದಿನವೂ ಬಸ್ಸಿನಲ್ಲಿ ಬಂದುಹೋಗಿ ಓದುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅಕ್ಕಲಕೋಟೆಯ ಕಾಲೇಜೇ ವಿಶ್ವವಿದ್ಯಾಲಯ. ಆ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಬಸವೇಶ್ವರರ ಹೆಸರೂ, ಕಲಾ ಮತ್ತು ವಾಣಿಜ್ಯ ವಿಭಾಗಗಳಿಗೆ ಅಕ್ಕಲಕೋಟೆಯ ಭೋಸಲೆ ರಾಜರ ಹೆಸರುಗಳೂ ಇವೆ. ಫಲಕದಲ್ಲಿ ಕೂಡಿಬಂದ ಎರಡು ಪರಂಪರೆಗಳು ಪಾಠದಲ್ಲಿಯೂ ಕೂಡಿಬರಲು ಅಡ್ಡಿಯೇನೂ ಇಲ್ಲ.

ಕನ್ನಡಕ್ಕೂ ಪಾಠದಲ್ಲಿ ಸ್ಥಾನ ಬೇಕೆಂಬ ಈ ಬೇಡಿಕೆಗೆ ನೈತಿಕ ಬಲ ಬರುವುದು ಕನ್ನಡಿಗರು ಅದೇ ಅಳತೆಯನ್ನು ತಮಗೂ ಅನ್ವಯಿಸಿಕೊಂಡಾಗ. ಬೆಳಗಾವಿ, ನಿಪ್ಪಾಣಿ, ಭಾಲ್ಕಿಗಳ ಕಾಲೇಜುಗಳಲ್ಲಿ ಕೂರುವ ಮರಾಠಿ ಮನೆಮಾತಿನ ವಿದ್ಯಾರ್ಥಿಗೆ, ಬೀದರ್ ಮತ್ತು ಕಲಬುರಗಿಗಳ ಉರ್ದು ಮಾಧ್ಯಮದ ವಿದ್ಯಾರ್ಥಿನಿಗೆ ಇದೇ ಇಮ್ಮಡಿ ದುಡಿಮೆ ಇದೆ. ಸೊಲ್ಲಾಪುರದ ಆಡುಗನ್ನಡವನ್ನು ಅಶುದ್ಧವೆಂದು ತಿದ್ದುವ ಕನ್ನಡ ಅಧ್ಯಾಪಕರೂ, ದಲಿತ ವಿದ್ಯಾರ್ಥಿಯ ಅನುಭವಕ್ಕೆ ಪಠ್ಯದಲ್ಲಿ ಸ್ಥಳ ಕೊಡದ ಕನ್ನಡ ವಿಭಾಗವೂ ತಾವು ವಿರೋಧಿಸುವ ಅನ್ಯಾಯವನ್ನೇ ಇನ್ನೊಬ್ಬರಿಗೆ ಎಸಗುತ್ತವೆ. ಭಾಷೆಯ ಹಕ್ಕು ಮತ್ತು ಜಾತಿಯ ನ್ಯಾಯಗಳನ್ನು ಬೇರ್ಪಡಿಸಿ ಕೇಳಲಾಗದು.

ಆದ್ದರಿಂದ ಸೊಲ್ಲಾಪುರದ ಅಧ್ಯಯನ ಮಂಡಳಿಗಳು ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಮೂರು ನಿರ್ಣಯಗಳನ್ನು ಕೈಗೊಳ್ಳಲಿ: ಜಿಲ್ಲೆಯ ಎಲ್ಲ ಸಮುದಾಯಗಳ ಇತಿಹಾಸ ಮತ್ತು ಸಾಹಿತ್ಯವನ್ನು ಒಟ್ಟಾಗಿ ಓದಿಸುವ ಒಂದು ಕಡ್ಡಾಯ ಪತ್ರಿಕೆ, ಎಲ್ಲ ವಿಭಾಗಗಳಲ್ಲೂ ಬಹುಭಾಷಾ ಪಾರಿಭಾಷಿಕ ಕೋಶ, ಕನ್ನಡದಲ್ಲಿಯೂ ಉತ್ತರ ಬರೆಯುವ ಅವಕಾಶ. ಕರ್ನಾಟಕದ ವಿಶ್ವವಿದ್ಯಾಲಯಗಳು ಪುಸ್ತಕ, ಮೌಲ್ಯಮಾಪಕರು ಮತ್ತು ಅಧ್ಯಾಪಕರ ತರಬೇತಿಯೊಂದಿಗೆ ನೆರವಿಗೆ ಬರಲಿ, ತಮ್ಮ ಅಂಗಳದ ಮರಾಠಿ ಮತ್ತು ಉರ್ದು ವಿದ್ಯಾರ್ಥಿಗಳಿಗೆ ಅದೇ ಸೌಲಭ್ಯವನ್ನು ಒದಗಿಸಲಿ. ಅಕ್ಕಲಕೋಟೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿನಿ ತಾನು ಅರಿತದ್ದನ್ನು ಅರಿತಂತೆಯೇ ಬರೆದು ತೇರ್ಗಡೆಯಾಗುವ ದಿನ ಬರುವವರೆಗೆ ಈ ಕೆಲಸ ಮುಗಿಯಿತೆಂದು ಯಾರೂ ಭಾವಿಸಬಾರದು.